ಟ್ರೇಲರ್ ಎಷ್ಟು ಮುಳುಗಬೇಕು? ಲೇಕ್ ಟ್ರಾವಿಸ್‌ನ ಒಂದು ಬೋಟಿನ ಪ್ರಕರಣ

ಬೆಳಿಗ್ಗೆ ಬೋಟನ್ನು ನೀರಿಗೆ ಇಳಿಸುವುದಕ್ಕೆ ಯಾರಿಗೂ ಜಾಸ್ತಿ ಕಷ್ಟ ಆಗುವುದಿಲ್ಲ. ಟ್ರೇಲರನ್ನು ಹಿಂದಕ್ಕೆ ಬಿಟ್ಟರೆ ಬೋಟ್ ತಾನಾಗಿ ತೇಲುತ್ತದೆ, ಹಗ್ಗ ಹಿಡಿದು ಡಾಕಿಗೆ (ದಡದಿಂದ ನೀರಿಗೆ ಚಾಚಿದ ಕಟ್ಟೆಗೆ) ಕಟ್ಟಿದರೆ ಕೆಲಸ ಮುಗಿಯಿತು. ಸಂಜೆ ಅದನ್ನು ಮತ್ತೆ ಟ್ರೇಲರ್ ಮೇಲೆ ನೇರವಾಗಿ ಕೂರಿಸಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅಷ್ಟು ಹೊತ್ತಿಗೆ ಎಲ್ಲರೂ ಬಿಸಿಲಲ್ಲಿ ಸುಸ್ತಾಗಿರುತ್ತಾರೆ, ಗಾಳಿ ಎದ್ದಿರುತ್ತದೆ, ಹಿಂದೆ ಗಾಡಿಗಳ ಸಾಲು ಬೆಳೆದಿರುತ್ತದೆ.

ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ನನ್ನ ಅಕ್ಕ ಮತ್ತು ಭಾವ ಒಂದು ಹಳೆಯ ಬೋಟ್ ಕೊಂಡರು. 20 ಅಡಿ ಉದ್ದ, ಮುಂದೆ ಕೂರಲು ಜಾಗ ಇರುವ ಫೈಬರ್ ಬೋಟ್, ಎಂಜಿನ್ ಒಳಗೆ, ಪ್ರೊಪೆಲ್ಲರ್ ಹಿಂದೆ. ಪೆಟ್ರೋಲು, ಸಾಮಾನು ಎಲ್ಲ ಸೇರಿ ಸುಮಾರು 1,600 ಕಿಲೋ. ಟ್ರೇಲರ್‌ಗೆ ಒಂದೇ ಆಕ್ಸಲ್. ಬೋಟಿನ ಅಡಿ ಕೂರುವುದು ಎರಡು ಉದ್ದನೆಯ ಮರದ ಹಲಗೆಗಳ ಮೇಲೆ, ಆ ಹಲಗೆಗಳಿಗೆ ಕಾರ್ಪೆಟ್ ಸುತ್ತಿರುತ್ತಾರೆ. ಇವಕ್ಕೆ ಬಂಕ್ ಎನ್ನುತ್ತಾರೆ. ಈ ಪ್ರಕರಣವೆಲ್ಲ ಆ ಎರಡು ಬಂಕ್‌ಗಳ ಸುತ್ತಲೇ ಇದೆ.

ಊರ ಕಡೆ, ಕುಂದಾಪುರದ ಸಮುದ್ರದ ದಂಡೆಯಲ್ಲಿ, ನಾಡದೋಣಿಯನ್ನು ಹತ್ತಾರು ಜನ ಕೈ ಕೊಟ್ಟು ಮರಳಿನ ಮೇಲೆ ಎಳೆದು ಹಾಕುತ್ತಾರೆ. ಇಲ್ಲಿ ಆ ಜನ ಎಲ್ಲಿಂದ ಬರಬೇಕು? ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅಷ್ಟೇ. ಹಾಗಾಗಿ ಜನಬಲದ ಕೆಲಸವನ್ನು ನೀರೇ ಮಾಡಬೇಕು. ನೀರು ಅದನ್ನು ಮಾಡುತ್ತದೆ ಕೂಡ, ನಾವು ಬಿಟ್ಟರೆ.

ತೊಂದರೆ ಹೇಗಿತ್ತು

ಭಾವ ಫೋನಿನಲ್ಲಿ ಹೇಳಿದ್ದು ಇಷ್ಟು: "ನೀರಲ್ಲಿ ನೇರ ಇರ್ತದೆ ಮಾರಾಯ, ಮೇಲೆ ಎಳೆದ ಮೇಲೆ ನೋಡಿದ್ರೆ ಸೊಟ್ಟ. ಮೂತಿಗೂ ರಬ್ಬರಿಗೂ ಮಧ್ಯ ಒಂದು ಗೇಣು ಜಾಗ." ಪಟ್ಟಿ ಸುತ್ತಿ ಬೋಟನ್ನು ಟ್ರೇಲರ್ ಮೇಲೆ ಎಳೆಯುವ ಕೈರಾಟೆಗೆ ವಿಂಚ್ ಎನ್ನುತ್ತಾರೆ. ಅದರ ಕಂಬದ ಮೇಲೆ ಬೋಟಿನ ಮೂತಿ ಒರಗುವ ರಬ್ಬರ್ ಒಂದು ಇರುತ್ತದೆ. ಮೂತಿ ಅದಕ್ಕೆ ಒತ್ತಿಕೊಂಡಿರಬೇಕು. ಮಧ್ಯೆ ಜಾಗ ಬಿಟ್ಟರೆ ಬೋಟಿನ ಭಾರ ಹಿಂದಕ್ಕೆ ಹೋಗುತ್ತದೆ, ಕಾರಿನ ಕೊಕ್ಕೆಯ ಮೇಲೆ ಬೀಳಬೇಕಾದ ಭಾರ ಕಡಿಮೆ ಆಗುತ್ತದೆ, ಹೈವೇಯಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಇದು ಚೆಂದದ ಪ್ರಶ್ನೆ ಅಲ್ಲ, ರಸ್ತೆಯ ಮೇಲಿನ ಜೀವದ ಪ್ರಶ್ನೆ. ಬೋಟ್ ಟ್ರೇಲರ್‌ಗಳಲ್ಲಿ ಒಟ್ಟು ಭಾರದ 5ರಿಂದ 10 ಶೇಕಡ ಮುಂದಿನ ಕೊಕ್ಕೆಯ ಮೇಲೆ ಇರಬೇಕು ಎನ್ನುವುದು ಸಾಮಾನ್ಯ ಲೆಕ್ಕ.

ಸೊಟ್ಟ ಕೂತದ್ದನ್ನು ಸರಿ ಮಾಡಲು ಮತ್ತೆ ನೀರಿಗೆ ಬಿಡುವುದು, ಮತ್ತೆ ಎಳೆಯುವುದು, ಇದೇ ನಡೆಯುತ್ತಿತ್ತು. ಅಕ್ಕ ಸೊಂಟದವರೆಗೆ ನೀರಲ್ಲಿ ನಿಂತು ಬೋಟಿನ ಹಿಂಭಾಗವನ್ನು ಕೈಯಿಂದ ತಳ್ಳುತ್ತಿದ್ದಳು. ಕಾಲಡಿಯ ಕಾಂಕ್ರೀಟ್ ಪಾಚಿಗಟ್ಟಿ ಜಾರುತ್ತದೆ. ಅವಳ ಒಂದು ಪಕ್ಕ ಡಾಕ್, ಇನ್ನೊಂದು ಪಕ್ಕ ಗಾಳಿಗೆ ತೂಗಾಡುವ 1,600 ಕಿಲೋ. ಅವಳು ಕಳಿಸಿದ ವಿಡಿಯೋದಲ್ಲಿ ಅದನ್ನು ನೋಡಿದಾಗ ಉಳಿದದ್ದೆಲ್ಲ ಆಮೇಲೆ, ಮೊದಲು ಇದು ನಿಲ್ಲಬೇಕು ಅನ್ನಿಸಿತು. ಬೋಟಿಗೂ ಡಾಕಿಗೂ ನಡುವೆ ಮನುಷ್ಯ ನಿಲ್ಲಬಾರದು. ಎಂಜಿನ್ ಓಡುತ್ತಿರುವಾಗ ಪ್ರೊಪೆಲ್ಲರಿನ ಹತ್ತಿರ ನೀರಲ್ಲಂತೂ ಯಾರೂ ಇರಲೇಬಾರದು.

ಸಲಹೆಗೇನೂ ಬರ ಇರಲಿಲ್ಲ. ಬೋಟ್ ನೀರಿಗೆ ಇಳಿಸುವ ಕಾಂಕ್ರೀಟ್ ಇಳಿಜಾರು, ಅಂದರೆ ರ್‍ಯಾಂಪಿನ ಮೇಲೆ ನಿಂತವರೆಲ್ಲ ಒಂದೊಂದು ಹೇಳಿ ಹೋಗಿದ್ದರು. ಇನ್ನೂ ಆಳಕ್ಕೆ ಬಿಡಿ, ಬೋಟ್ ಸುಲಭವಾಗಿ ಒಳಗೆ ಬರುತ್ತದೆ ಎಂದವರು ಜಾಸ್ತಿ. ಎಂಜಿನ್ ಜೋರು ಮಾಡಿ ಹತ್ತಿಸಿಬಿಡಿ ಎಂದವರು ಕೆಲವರು. ಬಂಕ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ ಎಂದವರೂ ಇದ್ದರು. ಬಂಕ್ ಬಿಟ್ಟು, ಬೋಟ್ ಉರುಳೆಗಳ ಮೇಲೆ ಕೂರುವ ರೋಲರ್ ಟ್ರೇಲರ್ ಕೊಳ್ಳಿ ಎಂದ ಒಬ್ಬರ ಮಾತು ಕೇಳಿ ಭಾವ ಬೆಲೆ ವಿಚಾರಿಸಿಯೂ ಆಗಿತ್ತು.

ಕೆರೆಯ ಸ್ವಭಾವ

ಲೇಕ್ ಟ್ರಾವಿಸ್ ಎಂದರೆ ಟೆಕ್ಸಸ್‌ನ ಕೊಲೊರಾಡೊ ನದಿಗೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿದ್ದರಿಂದ ಆದ ಜಲಾಶಯ. ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಕೊಲೊರಾಡೊ ಬೇರೆ, ಇದು ಬೇರೆ. ಅಣೆಕಟ್ಟು 1940ರ ದಶಕದ ಆರಂಭದಲ್ಲಿ ಮುಗಿಯಿತು. ಸಮುದ್ರ ಮಟ್ಟದಿಂದ 681 ಅಡಿಗೆ ನೀರು ನಿಂತರೆ ಕೆರೆ ತುಂಬಿತು ಎಂದು ಲೆಕ್ಕ. ಆದರೆ ಅಲ್ಲಿ ನಿಲ್ಲುವುದು ಅಪರೂಪ. 1951ರ ಬರದಲ್ಲಿ 614 ಅಡಿಗೆ ಇಳಿದಿತ್ತು. 2018ರ ಅಕ್ಟೋಬರ್ ಪ್ರವಾಹದಲ್ಲಿ 704 ಅಡಿಗೆ ಏರಿತು. ನೀರು ಇಷ್ಟು ಮೇಲೆ ಕೆಳಗೆ ಆಗುವ ಕಡೆ ಬೋಟ್ ರ್‍ಯಾಂಪಿನ ಕತೆ ಏನಾಗಬೇಕು ಯೋಚಿಸಿ. ಬರ ಬಂದಾಗ ಎಷ್ಟೋ ರ್‍ಯಾಂಪ್‌ಗಳ ಕಾಂಕ್ರೀಟ್ ನೀರಿಗೆ ತಲುಪುವುದೇ ಇಲ್ಲ, ಅವನ್ನು ಮುಚ್ಚುತ್ತಾರೆ. ತೆರೆದಿರುವ ಕೆಲವೇ ರ್‍ಯಾಂಪ್‌ಗಳಿಗೆ ಎಲ್ಲರೂ ನುಗ್ಗುತ್ತಾರೆ. ಕಡಿದಾದ ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಕೆರೆ ಇದು. ಜೊತೆಗೆ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ದಕ್ಷಿಣದ ಗಾಳಿ.

ಭಾವ ಮೊದಲು ಕಲಿತದ್ದು ಇಲ್ಲಿ ಅಲ್ಲ. ಬೋಟ್ ಮಾರಿದವರು ತಮ್ಮ ಮನೆ ಹತ್ತಿರದ, ನಿಧಾನವಾಗಿ ಇಳಿಯುವ ಒಂದು ರ್‍ಯಾಂಪಿನಲ್ಲಿ ತೋರಿಸಿಕೊಟ್ಟಿದ್ದರು. ಅವರ ಗುರುತು ಸರಳ: ಕಾರಿನ ಹಿಂದಿನ ಟೈರು ನೀರಲ್ಲಿ ಒಂದು ಗೇಣು ಮುಳುಗುವವರೆಗೆ ಹಿಂದಕ್ಕೆ ಬಿಡಿ, ಅಲ್ಲಿ ನಿಲ್ಲಿಸಿ. ಅಲ್ಲಿ ಅದು ಸರಿಯಾಗಿಯೇ ಕೆಲಸ ಮಾಡಿತ್ತು. ಭಾವ ಅದೇ ಗುರುತನ್ನು ಟ್ರಾವಿಸ್‌ಗೆ ತಂದರು. ಇಡೀ ತೊಂದರೆಯ ಬೇರು ಇದೇ.

ಟೈರಿನ ಗುರುತು ಯಾಕೆ ಕೈಕೊಟ್ಟಿತು

ನಾನು ಆಸ್ಟಿನ್‌ಗೆ ಹೋದಾಗ ನೀರಿಗೆ ಇಳಿಯುವ ಮೊದಲು ಒಂದು ಚಪ್ಪಟೆ ಹಲಗೆಯನ್ನು ರ್‍ಯಾಂಪಿನ ಮೇಲೆ ಇಟ್ಟು, ಅದರ ಮೇಲೆ ಫೋನಿಟ್ಟು, ಫೋನಿನಲ್ಲೇ ಇರುವ ಮಟ್ಟಗೋಲಿನಿಂದ ಓರೆ ನೋಡಿದೆ. ಎಂಟೂವರೆ ಡಿಗ್ರಿ. ಅಂದರೆ ನೂರು ಅಡಿ ಮುಂದೆ ಹೋದರೆ 15 ಅಡಿ ಇಳಿಜಾರು. ಭಾವ ಕಲಿತ ರ್‍ಯಾಂಪಿನ ಓರೆ ಅವರ ಹಳೆಯ ಫೋಟೋಗಳಲ್ಲಿ ಅಳೆದರೆ ನೂರಕ್ಕೆ 10ರ ಆಸುಪಾಸು.

ಈಗ ಲೆಕ್ಕ ನೋಡಿ. ಕಾರಿನ ಹಿಂದಿನ ಟೈರಿನಿಂದ ಟ್ರೇಲರಿನ ಚಕ್ರಕ್ಕೆ ಸುಮಾರು 6 ಮೀಟರ್. ಟೈರಿನ ಹತ್ತಿರ ನೀರು ಒಂದು ಗೇಣು, ಅಂದರೆ 20 ಸೆಂಟಿಮೀಟರ್. ಹಳೆಯ ರ್‍ಯಾಂಪಿನಲ್ಲಿ ಟ್ರೇಲರ್ ಚಕ್ರದ ಹತ್ತಿರ ಆಳ 20 ಕೂಡಿಸು 60, ಒಟ್ಟು 80 ಸೆಂಟಿಮೀಟರ್. ಟ್ರೇಲರಿನ ಮಡ್‌ಗಾರ್ಡ್ ನೆಲದಿಂದ 75 ಸೆಂಟಿಮೀಟರ್ ಎತ್ತರ. ಹಾಗಾಗಿ ಅದು ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಇರುತ್ತಿತ್ತು, ಬಂಕ್‌ನ ಮುಂದಿನ ತುದಿ ನೀರಿನ ಮೇಲೆ ಕಾಣುತ್ತಿತ್ತು. ಟ್ರಾವಿಸ್‌ನಲ್ಲಿ? 20 ಕೂಡಿಸು 90. ಒಟ್ಟು 110. ಮಡ್‌ಗಾರ್ಡ್ ಒಂದು ಅಡಿಗಿಂತ ಜಾಸ್ತಿ ಒಳಗೆ. ಬಂಕ್ ಪೂರ್ತಿ ನಾಪತ್ತೆ.

ಬಂಕ್ ಪೂರ್ತಿ ಮುಳುಗಿದರೆ ಏನಾಗುತ್ತದೆ? ಬೋಟ್ ಸಲೀಸಾಗಿ ಒಳಗೆ ಬರುತ್ತದೆ ನಿಜ. ಆದರೆ ಅದು ಟ್ರೇಲರ್ ಮೇಲೆ ಇಲ್ಲ, ಟ್ರೇಲರಿನ ಮೇಲಿನ ನೀರಿನಲ್ಲಿ ಇದೆ. ಅದನ್ನು ನಡುವಿಗೆ ತರುವ ಯಾವ ವಸ್ತುವೂ ಅಡಿಗೆ ತಾಗುತ್ತಿಲ್ಲ. ಗಾಳಿ ಎತ್ತ ತಳ್ಳಿತೋ ಅತ್ತ. ಮೇಲೆ ಎಳೆಯುವಾಗ ಆ ಕ್ಷಣ ಬೋಟ್ ಎಲ್ಲಿದೆಯೋ ಅಲ್ಲೇ ಇಳಿದು ಕೂರುತ್ತದೆ. ಭಾವ "ನೀರಲ್ಲಿ ನೇರ, ಮೇಲೆ ಸೊಟ್ಟ" ಎಂದದ್ದು ಇದನ್ನೇ.

ಗೇಣಿನಷ್ಟು ಜಾಗ ಬಿಡುತ್ತಿದ್ದದ್ದಕ್ಕೂ ಇದೇ ಕಾರಣ. ನೀರಲ್ಲಿ ಬೋಟ್ ಮಟ್ಟವಾಗಿ ತೇಲುತ್ತದೆ, ಟ್ರೇಲರ್ ರ್‍ಯಾಂಪಿನ ಜೊತೆ ಓರೆಯಾಗಿರುತ್ತದೆ. ಮೇಲೆ ಬರುವಾಗ ಬೋಟ್ ಬಂಕ್‌ನ ಓರೆಗೆ ಬಾಗಿ ಕೂರಬೇಕು. ಆಳ ಜಾಸ್ತಿ ಆದಷ್ಟೂ ಅದು ಕೂರುವ ಮೊದಲು ಅಲುಗಾಡುವ ದೂರ ಜಾಸ್ತಿ, ವಿಂಚ್ ಪಟ್ಟಿ ಎಳೆಯುವ ಕೋನವೂ ಬದಲಾಗುತ್ತದೆ. ನೀರಲ್ಲಿ ಬಿಗಿಯಾಗಿದ್ದ ಪಟ್ಟಿ ಮೇಲೆ ಬಂದಾಗ ಸಡಿಲ.

ಬಂಕ್‌ನ ಮುಂದಿನ ಮೂರನೇ ಒಂದು ಭಾಗ ನೀರಿನಿಂದ ಹೊರಗಿದ್ದರೆ ಕತೆಯೇ ಬೇರೆ. ಬೋಟಿನ ಅಡಿ ಚೂಪಾಗಿ ಇಳಿದಿರುತ್ತದಲ್ಲ, ಆ ಮೂತಿಯ ಭಾಗ ಎರಡು ಬಂಕ್‌ಗಳ ನಡುವೆ ಸಿಕ್ಕಿದ ಕೂಡಲೇ ಒರಳಲ್ಲಿ ಗುಂಡು ಕೂರುವ ಹಾಗೆ ತಾನೇ ನಡುವಿಗೆ ಬರುತ್ತದೆ. ಮುಂದಿನ ತುದಿ ನೆಲೆ ಕಂಡಿತು. ಹಿಂದಿನ ತುದಿ ಇನ್ನೂ ತೇಲುತ್ತಿದೆ, ಅದಕ್ಕೇ ವಿಂಚ್ ತಿರುಗಿಸುವುದು ಹಗುರ. ಗಾಳಿ ಈಗ ಹಿಂಭಾಗವನ್ನು ಮಾತ್ರ ತಳ್ಳಬಹುದು, ಅದನ್ನು ತಡೆಯುವುದು ಸುಲಭ. ಕಡಿಮೆ ಆಳದಲ್ಲೇ ಸುಲಭ ಅನ್ನುವುದು ಮೊದಲು ಕೇಳಿದಾಗ ಯಾರೂ ನಂಬುವುದಿಲ್ಲ. ಭಾವನೂ ನಂಬಲಿಲ್ಲ.

ಹಾಗಾಗಿ ಗುರುತನ್ನು ಕಾರಿನಿಂದ ತೆಗೆದು ಟ್ರೇಲರ್ ಮೇಲೆ ಇಟ್ಟೆವು. ಬಂಕ್ ಅನ್ನು ಹಿಡಿದಿರುವ ಕಬ್ಬಿಣದ ಬ್ರಾಕೆಟ್‌ಗಳಲ್ಲಿ ಮುಂದಿನಿಂದ ಮೂರನೇ ಒಂದು ಭಾಗದಲ್ಲಿ ಬರುವ ಒಂದಕ್ಕೆ ಹಳದಿ ಬಣ್ಣ ಬಳಿದೆವು. ಆ ಬ್ರಾಕೆಟ್ ಇರುವ ಕಡೆ ಬಂಕ್‌ನ ಮೇಲ್ಭಾಗಕ್ಕೆ ನೀರು ತಾಗಿ ನಿಲ್ಲಬೇಕು, ಅದಕ್ಕಿಂತ ಮುಂದಿನ ಭಾಗ ನೀರಿನಿಂದ ಹೊರಗಿರಬೇಕು. ಓರೆ ಎಷ್ಟೇ ಇರಲಿ, ನೀರು ಎಲ್ಲೇ ಇರಲಿ, ಈ ಗುರುತು ಸುಳ್ಳು ಹೇಳುವುದಿಲ್ಲ. ಟ್ರಾವಿಸ್‌ನ ಆ ರ್‍ಯಾಂಪಿನಲ್ಲಿ ಇದರ ಪ್ರಕಾರ ನಿಲ್ಲಿಸಿದಾಗ ಟ್ರೇಲರ್ ಹಿಂದಿಗಿಂತ ಸುಮಾರು 2 ಮೀಟರ್ ಮುಂದೆ ಬಂದಿತ್ತು. ಕಾರಿನ ಟೈರು ಪೂರ್ತಿ ಒಣನೆಲದಲ್ಲಿ. ಪಾಚಿಯ ಮೇಲೆ ಟೈರು ಜಾರುವ ಭಯವೂ ಅದರ ಜೊತೆ ಹೋಯಿತು.

ಒಣ ಕಾರ್ಪೆಟ್ ಬೋಟನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಮೊದಲು ಟ್ರೇಲರನ್ನು ಪೂರ್ತಿ ಆಳಕ್ಕೆ ಬಿಟ್ಟು ಬಂಕ್ ನೆನೆಸಿ, ಆಮೇಲೆ ಮುಂದಕ್ಕೆ ಬಂದು ಹಳದಿ ಗುರುತಿಗೆ ನಿಲ್ಲಿಸಬೇಕು. ನೆನೆದ ಕಾರ್ಪೆಟ್ ಸಾಕಷ್ಟು ಜಾರುತ್ತದೆ. ಸಿಲಿಕೋನ್ ಸ್ಪ್ರೇ ನನಗೆ ಇಷ್ಟವಿಲ್ಲ. ಕಡಿದಾದ ರ್‍ಯಾಂಪಿನಲ್ಲಿ ಯಾರಾದರೂ ವಿಂಚ್ ಪಟ್ಟಿಯನ್ನು ಬೇಗ ಬಿಚ್ಚಿದರೆ ಬೋಟ್ ಸರ್‍ರನೆ ಜಾರಿ ಕಾಂಕ್ರೀಟಿನ ಮೇಲೆ ಬೀಳುತ್ತದೆ. ಹಾಗೆ ಬಿದ್ದ ಬೋಟುಗಳ ಅಡಿ ರಿಪೇರಿ ಎಂದರೆ ಸಣ್ಣ ಖರ್ಚಲ್ಲ.

ಹಗ್ಗ, ಗಾಳಿ, ಕಂಬ

ಆಳ ಸರಿಹೋದ ಮೇಲೆ ಉಳಿದದ್ದು ಅಕ್ಕನನ್ನು ನೀರಿನಿಂದ ಹೊರಗೆ ತರುವುದು. ಬೋಟಿನ ಮುಂದೆ ಒಂದು, ಹಿಂದೆ ಒಂದು, ಎರಡು ಉದ್ದನೆಯ ಹಗ್ಗ. ಎರಡನ್ನೂ ಅವಳು ಡಾಕಿನ ಮೇಲೆ ನಿಂತು ಹಿಡಿಯಬೇಕು. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಹಿಡಿಯುವವರು ಗಾಳಿ ಬರುವ ಕಡೆಯಲ್ಲೇ ನಿಲ್ಲಬೇಕು. ಗಾಳಿ ಬೋಟನ್ನು ಅವರಿಂದ ದೂರ ತಳ್ಳುತ್ತದೆ, ಹಗ್ಗ ತಡೆಯುತ್ತದೆ, ಎಷ್ಟು ಬೇಕೋ ಅಷ್ಟು ಸಡಿಲ ಬಿಟ್ಟು ನಡುವಿಗೆ ತರಬಹುದು. ಡಾಕ್ ಗಾಳಿಯ ಇನ್ನೊಂದು ಕಡೆ ಇದ್ದರೆ ಬೋಟ್ ಡಾಕಿಗೆ ಅಂಟಿಕೊಳ್ಳುತ್ತದೆ, ಆಗ ಎಷ್ಟು ಎಳೆದರೂ ಪ್ರಯೋಜನ ಇಲ್ಲ. ಎರಡು ಮೂರು ಸಾಲು ಇರುವ ರ್‍ಯಾಂಪಿನಲ್ಲಿ ಯಾವ ಸಾಲು ಎಂದು ಆರಿಸುವಾಗ ಇದನ್ನೇ ನೋಡಬೇಕು, ಯಾವುದು ಖಾಲಿ ಎಂದಲ್ಲ.

ಟ್ರೇಲರಿನ ಹಿಂದಿನ ತುದಿಯಲ್ಲಿ ಎರಡು ಪಕ್ಕಕ್ಕೆ ನಿಲ್ಲಿಸುವ ಪಿವಿಸಿ ಪೈಪಿನ ಕಂಬಗಳನ್ನೂ ಹಾಕಿಸಿದೆವು. ಬೋಟಿಗೂ ಕಂಬಕ್ಕೂ ನಡುವೆ ಎರಡು ಬೆರಳಿನ ಜಾಗ. ಮುಂದಿನ ತುದಿ ಬಂಕ್ ಹಿಡಿದ ಮೇಲೆ ಹಿಂದಿನ ತುದಿ ಅಲುಗಾಡದಂತೆ ಇವು ನೋಡಿಕೊಳ್ಳುತ್ತವೆ. ನೀರು ಕಲಕಿದ್ದರೆ ಟ್ರೇಲರ್ ಎಲ್ಲಿದೆ ಎಂದು ಬೋಟ್ ನಡೆಸುವವರಿಗೆ ಕಾಣುವುದೂ ಇವುಗಳಿಂದಲೇ. ಆಳ ತಪ್ಪಿದ್ದಾಗ ಕಂಬ ಹಾಕಿದರೆ ಮಾತ್ರ ಬೋಟ್ ಕಂಬವನ್ನೇ ಬಗ್ಗಿಸುತ್ತದೆ.

ಎಂಜಿನ್ ಜೋರು ಮಾಡಿ ಹತ್ತಿಸುವ ವಿಷಯಕ್ಕೆ ಬರೋಣ, ಯಾಕೆಂದರೆ ಇದರಿಂದ ಆಗುವ ಹಾನಿ ಮಾಡಿದವರಿಗೆ ಕಾಣುವುದಿಲ್ಲ. ಬೋಟ್ ಟ್ರೇಲರ್ ಮೇಲೆ ನಿಂತು ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ನೀರಿನ ಹೊಡೆತ ಹಿಂದಕ್ಕೂ ಕೆಳಕ್ಕೂ ಹೋಗುತ್ತದೆ. ಕಾಂಕ್ರೀಟ್ ಮುಗಿಯುವ ಕಡೆ ಜಲ್ಲಿ ಮಣ್ಣು ಕೊಚ್ಚಿ ಗುಂಡಿ ಬೀಳುತ್ತದೆ, ಕೊಚ್ಚಿದ ಮಣ್ಣು ಸ್ವಲ್ಪ ಹಿಂದೆ ದಿಬ್ಬವಾಗಿ ನಿಲ್ಲುತ್ತದೆ. ಮುಂದೆ ಬರುವ ಯಾರದೋ ಟ್ರೇಲರ್ ಚಕ್ರ ಆ ಗುಂಡಿಗೆ ಇಳಿದು ಕಾಂಕ್ರೀಟಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ದಿಬ್ಬಕ್ಕೆ ಇನ್ಯಾರದೋ ಪ್ರೊಪೆಲ್ಲರ್ ಬಡಿಯುತ್ತದೆ. ಕೆರೆ ತುಂಬಿದ್ದಾಗ ಕಾಂಕ್ರೀಟಿನ ತುದಿ ತುಂಬ ಕೆಳಗಿರುತ್ತದೆ, ಅಷ್ಟು ತೊಂದರೆ ಇಲ್ಲ. ನೀರು ಇಳಿದ ವರ್ಷ ಆ ತುದಿ ಟ್ರೇಲರಿನ ಚಕ್ರದ ಹತ್ತಿರಕ್ಕೇ ಬಂದಿರುತ್ತದೆ. ಅಮೆರಿಕದ ಎಷ್ಟೋ ರ್‍ಯಾಂಪ್‌ಗಳಲ್ಲಿ ಇದನ್ನು ನಿಷೇಧಿಸಿದ ಬೋರ್ಡ್ ಇರುತ್ತದೆ. ಬೋರ್ಡ್ ಇಲ್ಲದ ಕಡೆಯೂ ಮಾಡಬಾರದು ಎಂದೇ ನಾನು ಹೇಳುತ್ತೇನೆ. ಮೂತಿ ಬಂಕ್ ಹಿಡಿಯುವವರೆಗೆ ನಿಧಾನ ಗತಿ ಸಾಕು. ಅಲ್ಲಿಂದ ಮುಂದೆ ಎಂಜಿನ್ ಆಫ್, ಪ್ರೊಪೆಲ್ಲರ್ ಕಾಲು ಮೇಲಕ್ಕೆ, ವಿಂಚ್ ಕೆಲಸಕ್ಕೆ.

ನಿಧಾನ ಗತಿಯಲ್ಲೂ ಒಂದು ಗೊಂದಲ ಇತ್ತು. ಭಾವ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಸ್ಟೀರಿಂಗ್ ತಿರುಗಿಸುತ್ತಿದ್ದರು. ಈ ತರದ ಬೋಟಿಗೆ ಬೇರೆ ಚುಕ್ಕಾಣಿ ಇರುವುದಿಲ್ಲ, ಪ್ರೊಪೆಲ್ಲರ್ ತಳ್ಳುವ ದಿಕ್ಕೇ ಚುಕ್ಕಾಣಿ. ಪ್ರೊಪೆಲ್ಲರ್ ನಿಂತರೆ ಸ್ಟೀರಿಂಗ್ ತಿರುಗಿಸುವುದು ಸುಮ್ನೆ. ಮೊದಲು ಸ್ಟೀರಿಂಗ್ ತಿರುಗಿಸಬೇಕು, ಆಮೇಲೆ ಒಂದು ಕ್ಷಣ ಗೇರ್ ಹಾಕಿ ತೆಗೆಯಬೇಕು. ಇದು ಅವರಿಗೆ ಬೇಗ ಕೈಗೆ ಹತ್ತಿತು.

ಮೊದಲ ಸಲ ಹಳದಿ ಗುರುತಿಗೆ ಟ್ರೇಲರ್ ನಿಲ್ಲಿಸಿದಾಗ ಭಾವ ಬೋಟಿನಿಂದಲೇ ಕೂಗಿದರು, "ಇಷ್ಟು ಮೇಲೆ ನಿಲ್ಸಿದ್ರೆ ಹತ್ತೋದು ಹೇಗೆ ಮಾರಾಯ?" "ಭಾವ, ನೀವು ಮೂತಿ ತಾಗಿಸಿ ಸಾಕು, ಉಳಿದದ್ದು ವಿಂಚ್ ನೋಡಿಕೊಳ್ತದೆ" ಎಂದೆ. ಮೂತಿ ಬಂಕ್‌ಗೆ ತಾಗಿ ಸಣ್ಣಗೆ ಉಜ್ಜಿದ ಸದ್ದು ಬಂತು. ಬೋಟ್ ಒಂದು ಪಕ್ಕಕ್ಕೆ ವಾಲಿದ್ದು ನಾವು ನೋಡುತ್ತಿದ್ದ ಹಾಗೆ ನಡುವಿಗೆ ಸರಿಯಿತು. ಅಕ್ಕ ಡಾಕಿನ ಮೇಲಿಂದ ಹಿಂದಿನ ಹಗ್ಗ ಒಂದಿಷ್ಟು ಬಿಗಿ ಹಿಡಿದಳು, ಅಷ್ಟೇ. ವಿಂಚಿನ ಕೊಕ್ಕೆ ಹಾಕಿ ತಿರುಗಿಸಿದೆ. ಮೊದಲ ಮುಕ್ಕಾಲು ಪಾಲು ಒಂದೇ ಕೈಯಲ್ಲಿ ಬಂತು, ಕೊನೆಯ ಒಂದಡಿಗೆ ಸ್ವಲ್ಪ ಬಲ ಬೇಕಾಯಿತು. ಆ ಬಲ ಬೇಕಾಗುವುದು ಒಳ್ಳೆಯ ಲಕ್ಷಣ. ಬೋಟ್ ಬಂಕ್ ಮೇಲೆ ಕೂರುತ್ತಿದೆ ಎಂದರ್ಥ.

ವಿಂಚ್ ತಿರುಗಿಸುವಾಗ ಪಟ್ಟಿಯ ನೇರಕ್ಕೆ ಮುಖ ಇಡಬಾರದು, ಪಕ್ಕಕ್ಕೆ ನಿಲ್ಲಬೇಕು. ಹಳೆಯ ಪಟ್ಟಿ ಹರಿದರೆ ಕೊಕ್ಕೆ ಹಾರಿ ಬರುತ್ತದೆ. ಭಾವನ ಪಟ್ಟಿಯ ಅಂಚು ಬಿಸಿಲಿಗೆ ನವೆದು ನೂಲು ಬಿಟ್ಟಿತ್ತು, ಅದನ್ನು ಅವತ್ತೇ ಬದಲಾಯಿಸಿದ್ದೆವು. ಮೂತಿ ರಬ್ಬರಿಗೆ ತಾಗಿದ ಕೂಡಲೇ ಪಟ್ಟಿಯ ಜೊತೆಗೆ ಸುರಕ್ಷತೆಯ ಸರಪಳಿಯನ್ನೂ ಹಾಕಬೇಕು, ಆಮೇಲೆಯೇ ಕಾರು ಮುಂದಕ್ಕೆ. ಇಷ್ಟೂ ಹೊತ್ತು ಕಾರು ಪಾರ್ಕಿನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಟೈರಿಗೆ ಮರದ ತುಂಡು ಕೊಟ್ಟು ನಿಂತಿರಬೇಕು.

ಮೇಲೆ ಎಳೆಯುವಾಗ ಒಂದೇ ಓಟಕ್ಕೆ ಹೋಗದೆ, ಹಿಂಭಾಗ ನೀರಿನಿಂದ ಬಿಟ್ಟ ಕೂಡಲೇ ನಿಲ್ಲಿಸಿ ಹಿಂದಿನಿಂದ ನೋಡಬೇಕು. ಎರಡು ಪಕ್ಕದ ಬಂಕ್ ಸಮವಾಗಿ ಕಂಡರೆ ಸರಿ. ಮೂತಿಯ ಹತ್ತಿರ ಸ್ವಲ್ಪ ಜಾಗ ಬಿಟ್ಟಿದ್ದರೆ ಮತ್ತೆ ಹಳದಿ ಗುರುತಿನವರೆಗೆ ಮಾತ್ರ ಹಿಂದಕ್ಕೆ ಬಿಟ್ಟು ವಿಂಚ್ ಇನ್ನೆರಡು ಸುತ್ತು. ಆಳಕ್ಕೆ ಹೋಗಿ ಮೊದಲಿನಿಂದ ಶುರು ಮಾಡುವ ಅಗತ್ಯವೇ ಇಲ್ಲ.

ಆಮೇಲೆ

ರೋಲರ್ ಟ್ರೇಲರ್ ಕೊಳ್ಳುವ ಮಾತು ಅಲ್ಲಿಗೆ ನಿಂತಿತು. ಈಗ ಅವರಿಬ್ಬರೇ ಮಾಡುತ್ತಾರೆ. ಅಕ್ಕ ಕಾರು ಹಿಂದಕ್ಕೆ ಬಿಡುವುದನ್ನು ಭಾವನಿಗಿಂತ ಚೆನ್ನಾಗಿ ಕಲಿತಿದ್ದಾಳೆ, ಹಾಗಾಗಿ ಟ್ರೇಲರ್ ಅವಳದ್ದು, ಬೋಟ್ ಅವರದ್ದು. ಮಗಳು ಡಾಕಿನ ಮೇಲಿಂದ ಹಳದಿ ಬ್ರಾಕೆಟ್ ನೋಡಿ "ಸಾಕಮ್ಮಾ" ಎನ್ನುತ್ತಾಳೆ. ಗಾಳಿ ತೀರಾ ಜೋರಿದ್ದ ಸಂಜೆ ಈ ಯಾವ ಉಪಾಯವೂ ಸಾಲದು. ಅಂಥ ದಿನ ಡಾಕಿಗೆ ಬೋಟ್ ಕಟ್ಟಿ ಕತ್ತಲಾಗುವ ಹೊತ್ತಿಗೆ ಗಾಳಿ ಇಳಿಯುವವರೆಗೆ ಕಾಯುತ್ತಾರೆ. ಸಾಲಿನಲ್ಲಿರುವವರಿಗೆ ದಾರಿ ಬಿಡುತ್ತಾರೆ.

ರ್‍ಯಾಂಪಿನಿಂದ ಮೇಲೆ ಬಂದು, ಬದಿಗೆ ನಿಲ್ಲಿಸಿದ ಮೇಲೆಯೇ ಹಿಂದಿನ ಪಟ್ಟಿ ಬಿಗಿಯುವುದು, ದೀಪದ ವೈರ್ ಸಿಕ್ಕಿಸುವುದು. ಅಡಿಯ ಬಿರಡೆ ತೆಗೆದು ನೀರು ಪೂರ್ತಿ ಹರಿಯಲು ಬಿಡಬೇಕು, ಇದು ಟೆಕ್ಸಸ್‌ನಲ್ಲಿ ಕಾನೂನು. ಲೇಕ್ ಟ್ರಾವಿಸ್‌ನಲ್ಲಿ 2017ರಲ್ಲಿ ಜೀಬ್ರಾ ಮಸೆಲ್ ಎಂಬ ಉಗುರಿನಷ್ಟು ಸಣ್ಣ ಚಿಪ್ಪು ಜೀವಿ ಸಿಕ್ಕಿತು. ಅದರ ಕಣ್ಣಿಗೆ ಕಾಣದ ಮರಿಗಳು ಬೋಟಿನಲ್ಲಿ ಉಳಿದ ನೀರಿನ ಜೊತೆ ಇನ್ನೊಂದು ಕೆರೆಗೆ ಹೋಗುತ್ತವೆ, ಅಲ್ಲಿ ಪೈಪುಗಳನ್ನೆಲ್ಲ ಕಟ್ಟಿಹಾಕುತ್ತವೆ. ಬಂಕ್‌ನ ಕಾರ್ಪೆಟ್ ಕೂಡ ನೀರು ಹಿಡಿದಿಡುತ್ತದೆ. ಬೇರೆ ಕೆರೆಗೆ ಹೋಗುವ ಮೊದಲು ಬೋಟಿನ ಜೊತೆ ಟ್ರೇಲರನ್ನೂ ಒಂದು ವಾರವಾದರೂ ಬಿಸಿಲಿಗೆ ಒಣಗಲು ಬಿಡಿ.